ಗುರುತೋ ಕಾರಣವೋ: ರಕ್ತದ ಸೂಚಕಗಳ ಬಗ್ಗೆ ವಂಶವಾಹಿಗಳ ಸಾಕ್ಷ್ಯ

ಹೃದಯಾಘಾತಕ್ಕೆ ಒಳಗಾಗುವವರಲ್ಲಿ ಎಚ್‌ಡಿಎಲ್ ಕೊಲೆಸ್ಟ್ರಾಲ್ ಸರಾಸರಿಗಿಂತ ಕಡಿಮೆ ಇರುತ್ತದೆ. ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, ಹೆಚ್ಚಿರುತ್ತದೆ. ಹೋಮೋಸಿಸ್ಟೀನ್ ಹೆಚ್ಚಿರುತ್ತದೆ, ವಿಟಮಿನ್ ಡಿ ಕಡಿಮೆ ಇರುತ್ತದೆ. ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಲ್ಲಿ ಈ ನಾಲ್ಕೂ ಸಂಬಂಧಗಳು ಮತ್ತೆ ಮತ್ತೆ ಕಂಡಿವೆ. ಅವುಗಳ ಬಗ್ಗೆ ತಕರಾರಿಲ್ಲ. ತಕರಾರು ಹುಟ್ಟುವುದು ಮುಂದಿನ ಹೆಜ್ಜೆಯಲ್ಲಿ. ಎಚ್‌ಡಿಎಲ್ ಏರಿಸಿದರೆ ಹೃದಯ ಉಳಿದೀತೇ? ಸಿಆರ್‌ಪಿ ಇಳಿಸಿದರೆ? ಒಂದು ಸೂಚಕವೂ ಒಂದು ರೋಗವೂ ಜೊತೆಜೊತೆಗೆ ಕಾಣಿಸಿಕೊಳ್ಳುವುದಕ್ಕೆ ಮೂರು ದಾರಿಗಳಿವೆ. ಸೂಚಕವೇ ರೋಗ ತರಬಹುದು. ಒಳಗೊಳಗೇ ಬೆಳೆಯುತ್ತಿರುವ ರೋಗ ಸೂಚಕವನ್ನು ಬದಲಿಸಬಹುದು. ಇಲ್ಲವೇ ಬೊಜ್ಜು, ತಂಬಾಕು, ಬಡತನದಂಥ ಮೂರನೆಯದೊಂದು ಎರಡನ್ನೂ ಒಟ್ಟಿಗೆ ಎಳೆಯುತ್ತಿರಬಹುದು. ಅಳತೆ ಎಷ್ಟೇ ನಿಖರವಾಗಿರಲಿ, ಜನಸಂಖ್ಯೆ ಎಷ್ಟೇ ದೊಡ್ಡದಿರಲಿ, ನೋಡಿ ಬರೆದಿಟ್ಟುಕೊಳ್ಳುವ ಅಧ್ಯಯನವೊಂದೇ ಈ ಮೂರನ್ನು ಬೇರ್ಪಡಿಸಲಾರದು.

ಬೇರ್ಪಡಿಸಲು ಕಳೆದ ಎರಡು ದಶಕಗಳಲ್ಲಿ ಹೆಚ್ಚು ಬಳಕೆಗೆ ಬಂದ ದಾರಿ ಮೆಂಡೇಲಿಯನ್ ರ್‍ಯಾಂಡಮೈಸೇಷನ್. ತಂದೆತಾಯಿಯಿಂದ ಯಾವ ವಂಶವಾಹಿ ಭೇದ ಮಗುವಿಗೆ ಬರುತ್ತದೆ ಎಂಬುದು ಗರ್ಭಧಾರಣೆಯ ಹೊತ್ತಿಗೆ ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ. ಆ ಭೇದ ಒಂದು ಸೂಚಕವನ್ನು ಜೀವನವಿಡೀ ಸ್ವಲ್ಪ ಮೇಲಕ್ಕೋ ಕೆಳಕ್ಕೋ ಇಡುತ್ತದೆ ಎಂದಾದರೆ, ಅದನ್ನು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ಸೂಚಕದ ಪಾತ್ರವನ್ನು ಅಳೆಯಬಹುದು. ಮುಂದೆ ಬರುವ ರೋಗ ಹುಟ್ಟಿನಲ್ಲಿ ಬಂದ ವಂಶವಾಹಿಯನ್ನು ಬದಲಿಸುವುದಿಲ್ಲವಾದ್ದರಿಂದ ಕಾರಣ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂಬ ಗೊಂದಲವೂ ಬಹುಮಟ್ಟಿಗೆ ನೀಗುತ್ತದೆ. ಈ ವಿಧಾನದಿಂದ ಬಂದ ಕೆಲವು ಮುಖ್ಯ ತೀರ್ಪುಗಳನ್ನು ಇಲ್ಲಿ ಮರುಪರಿಶೀಲಿಸಿದ್ದೇನೆ. ನನ್ನ ವಾದ ಇಷ್ಟು: ತೀರ್ಪಿನ ಗಟ್ಟಿತನ ಲೆಕ್ಕಾಚಾರದ ಜಾಣ್ಮೆಗಿಂತ ಹೆಚ್ಚಾಗಿ, ಆಯ್ದುಕೊಂಡ ವಂಶವಾಹಿ ದೇಹದಲ್ಲಿ ಏನು ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯ ಮೇಲೆ ನಿಂತಿದೆ. ಭಾರತದಲ್ಲಿ ಇಂಥ ಅಧ್ಯಯನಗಳಿಗೆ ಈಗ ಸಾಮಗ್ರಿ ಒದಗುತ್ತಿರುವುದರಿಂದ ಈ ಮಾತನ್ನು ಈಗಲೇ ಆಡಿಬಿಡುವುದು ಅಗತ್ಯವೆನಿಸಿತು.

ವಿಧಾನದ ಬೇರು

1986ರಲ್ಲಿ ಡಚ್ ವಿಜ್ಞಾನಿ ಮಾರ್ಟೈನ್ ಕಟಾನ್ 'ಲ್ಯಾನ್ಸೆಟ್' ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದರು. ಕೊಲೆಸ್ಟ್ರಾಲ್ ಕಡಿಮೆ ಇರುವವರಲ್ಲಿ ಕ್ಯಾನ್ಸರ್ ಹೆಚ್ಚು ಎಂಬ ವರದಿಗಳು ಆಗ ಬರುತ್ತಿದ್ದವು. ಕಡಿಮೆ ಕೊಲೆಸ್ಟ್ರಾಲ್ ಕ್ಯಾನ್ಸರ್ ತರುತ್ತಿದೆಯೋ, ಇನ್ನೂ ಪತ್ತೆಯಾಗದ ಗೆಡ್ಡೆಯೇ ಕೊಲೆಸ್ಟ್ರಾಲನ್ನು ತಗ್ಗಿಸುತ್ತಿದೆಯೋ ತಿಳಿಯದು. ಅಪೊಲಿಪೊಪ್ರೋಟೀನ್ ಇ ಎಂಬ ಪ್ರೋಟೀನಿನ ಇ-2 ರೂಪ ಪಡೆದು ಹುಟ್ಟಿದವರಲ್ಲಿ ಕೊಲೆಸ್ಟ್ರಾಲ್ ಮೊದಲಿನಿಂದಲೂ ಕಡಿಮೆ. ಕಡಿಮೆ ಕೊಲೆಸ್ಟ್ರಾಲೇ ಕಾರಣವಾಗಿದ್ದರೆ ಕ್ಯಾನ್ಸರ್ ರೋಗಿಗಳಲ್ಲಿ ಇ-2 ರೂಪದವರು ಹೆಚ್ಚಾಗಿ ಸಿಗಬೇಕು. ಗೆಡ್ಡೆ ಕಾರಣವಾಗಿದ್ದರೆ ಸಿಗಬಾರದು. ಕಟಾನರ ಬಳಿ ದತ್ತಾಂಶವಿರಲಿಲ್ಲ, ತರ್ಕವಷ್ಟೇ ಇತ್ತು. ಇಂದಿನ ವಿಧಾನದ ತಿರುಳು ಪೂರ್ತಿಯಾಗಿ ಆ ತರ್ಕದಲ್ಲಿದೆ.

ಅದಕ್ಕೂ ಹಿಂದೆ, 1951ರ ಉಪನ್ಯಾಸವೊಂದರಲ್ಲಿ ಆರ್. ಎ. ಫಿಶರ್, ವಂಶವಾಹಿಗಳ ಹಂಚಿಕೆಗೂ ತಾವು ಕೃಷಿ ಪ್ರಯೋಗಗಳಿಗಾಗಿ ರೂಪಿಸಿದ ಯಾದೃಚ್ಛಿಕ ಹಂಚಿಕೆಗೂ ಇರುವ ಹೋಲಿಕೆಯನ್ನು ಗುರುತಿಸಿದ್ದರು. ಲೆಕ್ಕಾಚಾರದ ಭಾಗ ಅರ್ಥಶಾಸ್ತ್ರದಿಂದ ಬಂದದ್ದು. ತಳಿವಿಜ್ಞಾನಿ ಸೀವಲ್ ರೈಟ್ 1920ರ ಆಸುಪಾಸಿನಲ್ಲಿ ಪಥ ವಿಶ್ಲೇಷಣೆಯನ್ನು ಕಟ್ಟಿದರೆ, ಅವರ ತಂದೆ ಫಿಲಿಪ್ ರೈಟ್ 1928ರಲ್ಲಿ ಎಣ್ಣೆಗಳ ಮೇಲಿನ ಆಮದು ಸುಂಕವನ್ನು ಕುರಿತ ಪುಸ್ತಕದ ಅನುಬಂಧದಲ್ಲಿ, ಬೆಲೆ ಮತ್ತು ಬೇಡಿಕೆಯ ಪರಸ್ಪರ ಪ್ರಭಾವವನ್ನು ಹೊರಗಿನದೊಂದು ಅಂಶದ ನೆರವಿನಿಂದ ಬಿಡಿಸುವ ಬಗೆಯನ್ನು ತೋರಿಸಿದರು. ಇವೆಲ್ಲ ಒಂದೆಡೆ ಸೇರಿ ವೈದ್ಯಕೀಯ ಸಂಶೋಧನೆಯ ಮುಖ್ಯ ಹಾದಿಗೆ ಬಂದದ್ದು 2003ರಲ್ಲಿ, ಬ್ರಿಸ್ಟಲ್‌ನ ಜಾರ್ಜ್ ಡೇವಿ ಸ್ಮಿತ್ ಮತ್ತು ಶಾ ಇಬ್ರಾಹಿಂ ಬರೆದ ದೀರ್ಘ ಪ್ರಬಂಧದಿಂದ.

ಲೆಕ್ಕ ಸರಳ. ಭೇದದಿಂದ ರೋಗದಲ್ಲಿ ಆಗುವ ವ್ಯತ್ಯಾಸವನ್ನು ಅದೇ ಭೇದದಿಂದ ಸೂಚಕದಲ್ಲಿ ಆಗುವ ವ್ಯತ್ಯಾಸದಿಂದ ಭಾಗಿಸಿದರೆ ಸೂಚಕದ ಪರಿಣಾಮ ಸಿಗುತ್ತದೆ. ಆದರೆ ಈ ಭಾಗಾಕಾರಕ್ಕೆ ಅರ್ಥ ಬರಬೇಕಾದರೆ ಮೂರು ಷರತ್ತುಗಳು ಪೂರೈಸಬೇಕು. ಭೇದ ಸೂಚಕವನ್ನು ನಿಜಕ್ಕೂ ಬದಲಿಸಬೇಕು. ಅದು ಜನರ ನಡುವೆ ಹಂಚಿಕೆಯಾಗಿರುವ ಬಗೆಗೂ ರೋಗದ ಬೇರೆ ಕಾರಣಗಳಿಗೂ ನಂಟಿರಬಾರದು. ಮೂರನೆಯದು, ಭೇದ ರೋಗವನ್ನು ಮುಟ್ಟುವುದಾದರೆ ಆ ಸೂಚಕದ ಮೂಲಕವೇ ಮುಟ್ಟಬೇಕು, ಪಕ್ಕದ ದಾರಿ ಇರಬಾರದು. ಮೊದಲನೆಯದನ್ನು ಅಳೆದು ನೋಡಬಹುದು. ಎರಡನೆಯದನ್ನು ಭಾಗಶಃ ಪರೀಕ್ಷಿಸಬಹುದು. ಮೂರನೆಯದನ್ನು ಅಂಕಿಅಂಶಗಳಿಂದ ಸಾಬೀತು ಮಾಡಲು ಸಾಧ್ಯವೇ ಇಲ್ಲ. ಅಲ್ಲಿ ಜೀವರಸಾಯನಶಾಸ್ತ್ರವೇ ಸಾಕ್ಷಿ ಹೇಳಬೇಕು.

ಅಪರೂಪಕ್ಕೆ ಸಮಾಜವೂ ಆ ಸಾಕ್ಷಿ ಹೇಳುತ್ತದೆ. ಪೂರ್ವ ಏಷ್ಯಾದ ಅನೇಕರಲ್ಲಿ ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡನ್ನು ಒಡೆಯುವ ಎಎಲ್‌ಡಿಎಚ್2 ಕಿಣ್ವದ ದುರ್ಬಲ ರೂಪವಿದೆ. ಕುಡಿದರೆ ಮುಖ ಕೆಂಪಾಗಿ ಸಂಕಟವಾಗುವುದರಿಂದ ಅವರು ಕುಡಿಯುವುದೇ ಕಡಿಮೆ. 2019ರಲ್ಲಿ ಪ್ರಕಟವಾದ ಚೀನಾ ಕಡೂರಿ ಬಯೋಬ್ಯಾಂಕ್‌ನ ಅಧ್ಯಯನ ಇದನ್ನು ಬಳಸಿಕೊಂಡು, ಮಿತವಾಗಿ ಕುಡಿದರೆ ಪಾರ್ಶ್ವವಾಯುವಿನಿಂದ ರಕ್ಷಣೆ ಸಿಗುತ್ತದೆ ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲವೆಂದು ತೋರಿಸಿತು. ನನಗೆ ಅದರಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಹೆಂಗಸರ ಲೆಕ್ಕ. ಚೀನಾದಲ್ಲಿ ಅವರು ಕುಡಿಯುವುದು ಬಹಳ ವಿರಳ. ಆ ಭೇದಕ್ಕೆ ಪಕ್ಕದ ದಾರಿ ಇದ್ದಿದ್ದರೆ ಕುಡಿಯದ ಹೆಂಗಸರಲ್ಲೂ ಅದರ ಪರಿಣಾಮ ಕಾಣಬೇಕಿತ್ತು. ಕಾಣಲಿಲ್ಲ.

ಎಚ್‌ಡಿಎಲ್: ಒಳ್ಳೆಯ ಹೆಸರು, ಬಾರದ ಫಲ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ತಂಡ 1977ರಲ್ಲಿ, ಎಚ್‌ಡಿಎಲ್ ಕಡಿಮೆ ಇರುವುದು ಹೃದ್ರೋಗದ ಪ್ರಬಲ ಮುನ್ಸೂಚನೆ ಎಂದು ತೋರಿಸಿತು. ಅದಾದ ಮೇಲೆ ಎಚ್‌ಡಿಎಲ್ 'ಒಳ್ಳೆಯ ಕೊಲೆಸ್ಟ್ರಾಲ್' ಎಂದೇ ಹೆಸರಾಯಿತು. ನಮ್ಮ ಊರುಗಳ ಲ್ಯಾಬ್ ವರದಿ ಹಿಡಿದು ಬರುವವರೂ ಇಂದು ಅದನ್ನು ಹಾಗೆಯೇ ಕರೆಯುತ್ತಾರೆ. ಧಮನಿಯ ಗೋಡೆಯಿಂದ ಕೊಲೆಸ್ಟ್ರಾಲನ್ನು ಹೊತ್ತು ಯಕೃತ್ತಿಗೆ ಸಾಗಿಸುವ ಕಣ ಅದು ಎಂಬ ವಿವರಣೆಯೂ ಜೊತೆಗಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಸಿಇಟಿಪಿ ಎಂಬ ಪ್ರೋಟೀನನ್ನು ತಡೆದು ಎಚ್‌ಡಿಎಲ್ ಏರಿಸುವ ಟಾರ್ಸೆಟ್ರಾಪಿಬ್ ಔಷಧವನ್ನು 15 ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷಿಸಲಾಯಿತು. ಎಚ್‌ಡಿಎಲ್ ಶೇ. 72ರಷ್ಟು ಏರಿತು. ಔಷಧ ಪಡೆದವರಲ್ಲಿ ಸಾವು ಹೆಚ್ಚಾದದ್ದರಿಂದ 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಔಷಧ ರಕ್ತದೊತ್ತಡವನ್ನೂ ಏರಿಸುತ್ತಿತ್ತು. ಹಾಗಾಗಿ ದೋಷ ಔಷಧದ್ದು, ಎಚ್‌ಡಿಎಲ್‌ನ ಕಲ್ಪನೆಯದಲ್ಲ ಎಂಬ ವಾದಕ್ಕೆ ಎಡೆಯಿತ್ತು, ಅದನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಔಷಧದ ಪ್ರಯೋಗ ಸೋತಾಗ ಸೋತದ್ದು ಆ ಅಣುವೋ ಅದರ ಹಿಂದಿನ ವಿಚಾರವೋ ಎಂದು ಬಿಡಿಸಿ ಹೇಳುವುದು ಕಷ್ಟ. ಈ ಗಂಟನ್ನು ಬಿಡಿಸಲು ಔಷಧದ ಹಂಗಿಲ್ಲದ ಸಾಕ್ಷ್ಯ ಬೇಕಿತ್ತು.

2012ರಲ್ಲಿ ಬೆಂಜಮಿನ್ ವಾಯ್ಟ್, ಸೇಕರ್ ಕತಿರೇಶನ್ ಮತ್ತು ಹಲವು ದೇಶಗಳ ಸಹೋದ್ಯೋಗಿಗಳು ಅದನ್ನು ಒದಗಿಸಿದರು. ಎಂಡೊಥೀಲಿಯಲ್ ಲೈಪೇಸ್ ಎಂಬ ಕಿಣ್ವ ಎಚ್‌ಡಿಎಲ್ ಕಣವನ್ನು ಸವೆಸುತ್ತದೆ. ಅದನ್ನು ರೂಪಿಸುವ ಎಲ್‌ಐಪಿಜಿ ವಂಶವಾಹಿಯಲ್ಲಿ, ನೂರಕ್ಕೆ ಎರಡು ಮೂರು ಜನರಲ್ಲಿರುವ ಒಂದು ಭೇದ ಕಿಣ್ವವನ್ನು ಮಂದಗೊಳಿಸುತ್ತದೆ. ಅದನ್ನು ಪಡೆದವರ ಎಚ್‌ಡಿಎಲ್ ಡೆಸಿಲೀಟರಿಗೆ ಸುಮಾರು 5 ಮಿಲಿಗ್ರಾಂ ಹೆಚ್ಚು. ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಮಾತ್ರ ಇತರರಂತೆಯೇ ಇರುತ್ತವೆ. ಆಯ್ಕೆಯ ಜಾಣತನ ಇದರಲ್ಲಿದೆ: ಪಕ್ಕದ ದಾರಿಗಳು ಮೊದಲೇ ಮುಚ್ಚಿವೆ. ಹಳೆಯ ಅಧ್ಯಯನಗಳ ಲೆಕ್ಕದಂತೆ ಅಷ್ಟು ಎಚ್‌ಡಿಎಲ್ ಹೆಚ್ಚಿದ್ದರೆ ಹೃದಯಾಘಾತ ಶೇ. 13ರಷ್ಟು ಇಳಿಯಬೇಕು. ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳು ಮತ್ತು ತೊಂಬತ್ತೈದು ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ಹೋಲಿಕೆಯಲ್ಲಿ ಸಿಕ್ಕ ಅನುಪಾತ 0.99, ಅಂದರೆ ವ್ಯತ್ಯಾಸವೇ ಇಲ್ಲ. ಎಚ್‌ಡಿಎಲ್ ಒಂದನ್ನೇ ಬದಲಿಸುವ 14 ಭೇದಗಳನ್ನು ಕೂಡಿಸಿ ನೋಡಿದಾಗಲೂ ರಕ್ಷಣೆಯ ಪುರಾವೆ ಸಿಗಲಿಲ್ಲ. ಅದೇ ತಂಡ ಅದೇ ರೀತಿಯಲ್ಲಿ ಎಲ್‌ಡಿಎಲ್ ಅನ್ನು ಪರೀಕ್ಷಿಸಿದಾಗ ಅಪಾಯ ಎರಡು ಪಟ್ಟಿಗೂ ಹೆಚ್ಚೆಂದು ಬಂತು, ವೀಕ್ಷಣೆಯಿಂದ ತಿಳಿದಿದ್ದುದಕ್ಕಿಂತಲೂ ಪ್ರಬಲವಾಗಿ. ನಿಜವಾದ ಕಾರಣವಿದ್ದರೆ ಈ ವಿಧಾನ ಅದನ್ನು ಹಿಡಿಯಬಲ್ಲದು ಎಂಬುದಕ್ಕೆ ಈ ಎರಡನೆಯ ಫಲಿತಾಂಶವೇ ಸಾಕ್ಷಿಯಾದ್ದರಿಂದ ಮೊದಲನೆಯ ಶೂನ್ಯಕ್ಕೆ ತೂಕ ಬಂತು.

ಮುಂದೆ ನಡೆದದ್ದು ಆ ತೀರ್ಪಿಗೆ ಒಪ್ಪುವಂತಿತ್ತು. ಅದೇ ವರ್ಷ ಡಾಲ್ಸೆಟ್ರಾಪಿಬ್ ಎಚ್‌ಡಿಎಲ್ ಏರಿಸಿಯೂ ಪ್ರಯೋಜನ ತೋರಲಿಲ್ಲ. 25 ಸಾವಿರಕ್ಕೂ ಹೆಚ್ಚು ಜನರಿಗೆ ಎಚ್‌ಡಿಎಲ್ ಏರಿಸುವ ನಿಯಾಸಿನ್ ಕೊಟ್ಟ ಪ್ರಯೋಗದಲ್ಲೂ ಹೃದಯಕ್ಕೆ ಲಾಭವಾಗಲಿಲ್ಲ. 2016ರಲ್ಲಿ ಇನ್ನೊಂದು ಮಹತ್ವದ ವಿಷಯ ಹೊರಬಿತ್ತು. ಯಕೃತ್ತಿನ ಕೋಶಗಳು ಎಚ್‌ಡಿಎಲ್‌ನಿಂದ ಕೊಲೆಸ್ಟ್ರಾಲ್ ಪಡೆಯುವ ಗ್ರಾಹಕವನ್ನು ಎಸ್‌ಸಿಎಆರ್‌ಬಿ1 ವಂಶವಾಹಿ ರೂಪಿಸುತ್ತದೆ. ಅದರ ಒಂದು ವಿರಳ ಭೇದ ಆ ಗ್ರಾಹಕವನ್ನು ಕೆಡಿಸುತ್ತದೆ. ಅಂಥವರ ರಕ್ತದಲ್ಲಿ ಎಚ್‌ಡಿಎಲ್ ತುಂಬಿ ತುಳುಕುತ್ತದೆ, ಹೃದ್ರೋಗದ ಅಪಾಯವೂ ಹೆಚ್ಚುತ್ತದೆ. ಕಣಗಳು ತಮ್ಮ ಹೊರೆ ಇಳಿಸಲಾಗದೆ ರಕ್ತದಲ್ಲೇ ಉಳಿದಾಗಲೂ ವರದಿಯಲ್ಲಿ ಎಚ್‌ಡಿಎಲ್ ಹೆಚ್ಚೆಂದೇ ಬರುತ್ತದೆ.

ಆದರೆ ಸಿಇಟಿಪಿಯನ್ನೇ ತಡೆಯುವ ಅನಾಸೆಟ್ರಾಪಿಬ್ ಔಷಧದ 2017ರ ಪ್ರಯೋಗ ಗೆದ್ದಿತಲ್ಲ ಎಂದು ಕೇಳುವವರಿದ್ದಾರೆ. 30 ಸಾವಿರಕ್ಕೂ ಹೆಚ್ಚು ಜನರಲ್ಲಿ ಹೃದಯಾಘಾತ ಮೊದಲಾದ ಘಟನೆಗಳು ಶೇ. 9ರಷ್ಟು ಇಳಿದವು, ನಿಜ. ಆ ಔಷಧ ಎಚ್‌ಡಿಎಲ್ ಏರಿಸುವುದರ ಜೊತೆಗೆ ಎಲ್‌ಡಿಎಲ್ ಬಗೆಯ ಕಣಗಳನ್ನು ಇಳಿಸುತ್ತದೆ, ಸಿಕ್ಕ ಲಾಭಕ್ಕೆ ಆ ಇಳಿಕೆಯೇ ಸಾಕಷ್ಟು ವಿವರಣೆ. ಸಿಇಟಿಪಿ ವಂಶವಾಹಿಯ ಭೇದಗಳೂ ಎರಡನ್ನೂ ಒಟ್ಟಿಗೆ ಬದಲಿಸುತ್ತವೆ. ಆದ್ದರಿಂದ ಎಚ್‌ಡಿಎಲ್ ಕುರಿತ ಪ್ರಶ್ನೆಯನ್ನು ಸಿಇಟಿಪಿಗೆ ಕೇಳಿದರೆ ತಪ್ಪು ಉತ್ತರ, ಎಲ್‌ಐಪಿಜಿಗೆ ಕೇಳಿದರೆ ಸರಿಯುತ್ತರ. ಗಣಿತ ಎರಡರಲ್ಲೂ ಒಂದೇ.

ಹಾಗಾದರೆ ಎಚ್‌ಡಿಎಲ್ ಕಡಿಮೆ ಇರುವವರಿಗೆ ಅಪಾಯ ಹೆಚ್ಚೇಕೆ? ಟ್ರೈಗ್ಲಿಸರೈಡ್ ತುಂಬಿದ ಕಣಗಳು ಹೆಚ್ಚಾದಂತೆ ಎಚ್‌ಡಿಎಲ್‌ನ ಕೊಲೆಸ್ಟ್ರಾಲ್ ಇಳಿಯುತ್ತದೆ. ಇಳಿದದ್ದು ಆ ಏರಿಕೆಯ ಗುರುತು. ಈ ಎಳೆಯನ್ನು ಹಿಡಿದು ಇನ್ನೂ ಮುಂದೆ ಹೋಗಬಹುದು. ಯುಕೆ ಬಯೋಬ್ಯಾಂಕ್‌ನ ದತ್ತಾಂಶ ಬಳಸಿ 2020ರಲ್ಲಿ ಪ್ರಕಟವಾದ ಬ್ರಿಸ್ಟಲ್ ತಂಡದ ಅಧ್ಯಯನ ಎಲ್‌ಡಿಎಲ್, ಟ್ರೈಗ್ಲಿಸರೈಡ್, ಅಪೊಲಿಪೊಪ್ರೋಟೀನ್ ಬಿ ಮೂರನ್ನೂ ಒಂದೇ ಲೆಕ್ಕದೊಳಗೆ ತಂದಿತು. ಬಿಡಿಬಿಡಿಯಾಗಿ ನೋಡಿದಾಗ ಮೂರೂ ಕಾರಣಗಳಂತೆ ಕಂಡವು. ಒಟ್ಟಿಗೆ ಇಟ್ಟಾಗ ಉಳಿದು ನಿಂತದ್ದು ಅಪೊಲಿಪೊಪ್ರೋಟೀನ್ ಬಿ ಮಾತ್ರ. ಧಮನಿಗೆ ನುಗ್ಗಬಲ್ಲ ಪ್ರತಿ ಕಣದಲ್ಲೂ ಆ ಪ್ರೋಟೀನಿನ ಒಂದೇ ಒಂದು ಪ್ರತಿ ಇರುವುದರಿಂದ ಅದರ ಅಳತೆಯೆಂದರೆ ಕಣಗಳ ಎಣಿಕೆ. ಕಣದೊಳಗೆ ಏನು ತುಂಬಿದೆ ಎಂಬುದಕ್ಕಿಂತ ಎಷ್ಟು ಕಣಗಳಿವೆ ಎಂಬುದು ಮುಖ್ಯ. ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಹೆಚ್ಚು ಎಂಬ ಜೋಡಿ ನಮ್ಮ ಜನರಲ್ಲಿ ಬಹಳ ಸಾಮಾನ್ಯ. ಅಂಥವರಿಗೆ ಅಪೊಲಿಪೊಪ್ರೋಟೀನ್ ಬಿ ಪರೀಕ್ಷೆ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ.

ಒಂದೇ ಸಿಆರ್‌ಪಿ, ಎರಡು ಉತ್ತರ

ಸಿಆರ್‌ಪಿಯ ಕಥೆ ಇನ್ನೂ ಬೋಧಪ್ರದ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾದ ಈ ಪ್ರೋಟೀನ್ ಕೋವಿಡ್ ಕಾಲದಲ್ಲಿ ಮನೆಮಾತಾಯಿತು. ಉರಿಯೂತವಿದ್ದಾಗ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕದ ಆಜ್ಞೆಯಂತೆ ಯಕೃತ್ತು ಅದನ್ನು ತಯಾರಿಸುತ್ತದೆ. ಸ್ವಲ್ಪವೇ ಹೆಚ್ಚಿದ್ದರೂ ಮುಂದಿನ ವರ್ಷಗಳಲ್ಲಿ ಹೃದ್ರೋಗದ ಸಾಧ್ಯತೆ ಹೆಚ್ಚು. ಸಿಆರ್‌ಪಿಯೇ ಧಮನಿಗೆ ಹಾನಿ ಮಾಡುತ್ತದೆಂದು ವಾದಿಸಿದವರಿದ್ದರು. ಅದನ್ನೇ ತಡೆಯುವ ಔಷಧದ ಯೋಚನೆಯೂ ಇತ್ತು.

2011ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬಂದ ಅಂತರರಾಷ್ಟ್ರೀಯ ಸಹಯೋಗದ ಅಧ್ಯಯನ 1,94,418 ಜನರ ದತ್ತಾಂಶವನ್ನು ಕಲೆಹಾಕಿತ್ತು. ಅವರಲ್ಲಿ 46,557 ಮಂದಿ ಹೃದ್ರೋಗಿಗಳು. ಸಿಆರ್‌ಪಿ ವಂಶವಾಹಿಯೊಳಗಿನ ನಾಲ್ಕು ಭೇದಗಳನ್ನು ಬಳಸಿದರು. ಆ ಭೇದಗಳು ಜೀವನವಿಡೀ ಸಿಆರ್‌ಪಿಯನ್ನು ಏರಿಸಿದರೂ ಹೃದ್ರೋಗದ ಅನುಪಾತ 1.00ರಲ್ಲೇ ನಿಂತಿತು. ಮರುವರ್ಷ 'ಲ್ಯಾನ್ಸೆಟ್'ನಲ್ಲಿ ಎರಡು ದೊಡ್ಡ ಅಧ್ಯಯನಗಳು ಒಟ್ಟಿಗೆ ಬಂದವು. ಅವು ನೋಡಿದ್ದು ಇಂಟರ್‌ಲ್ಯೂಕಿನ್-6ರ ಗ್ರಾಹಕವನ್ನು ರೂಪಿಸುವ ಐಎಲ್6ಆರ್ ವಂಶವಾಹಿಯನ್ನು. ಅಲ್ಲಿನ ಒಂದು ಸಾಮಾನ್ಯ ಭೇದ ಸಂಕೇತವನ್ನು ತುಸು ಮಂದಗೊಳಿಸುತ್ತದೆ, ಪರಿಣಾಮವಾಗಿ ಸಿಆರ್‌ಪಿ ಇಳಿಯುತ್ತದೆ. ಇಲ್ಲಿ ಮಾತ್ರ ಹೃದ್ರೋಗವೂ ಇಳಿದಿತ್ತು, ಸಣ್ಣ ಪ್ರಮಾಣದಲ್ಲಿ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ.

ಸಿಆರ್‌ಪಿಯನ್ನು ಅದರ ಸ್ವಂತ ವಂಶವಾಹಿಯ ಮೂಲಕ ಬದಲಿಸಿದರೆ ರೋಗಕ್ಕೆ ಏನೂ ಆಗುವುದಿಲ್ಲ. ಮೇಲಿನ ಆಜ್ಞೆಯನ್ನು ಕುಗ್ಗಿಸುವ ಮೂಲಕ ಬದಲಿಸಿದರೆ ರೋಗ ಕಡಿಮೆಯಾಗುತ್ತದೆ. ಎರಡನ್ನೂ ಜೋಡಿಸಿದಾಗ ಸೂಚಕಗಳೊಳಗಿನ ಕ್ರಮ ತಾನಾಗಿ ತೆರೆದುಕೊಳ್ಳುತ್ತದೆ: ಇಂಟರ್‌ಲ್ಯೂಕಿನ್-6ರ ದಾರಿ ಮೇಲೆ, ಅದರಿಂದ ಒಂದು ಕವಲು ಧಮನಿಯ ಕಡೆಗೆ, ಇನ್ನೊಂದು ಕವಲು ಸಿಆರ್‌ಪಿಯ ಕಡೆಗೆ. ಸಿಆರ್‌ಪಿ ಕವಲಿನ ತುದಿ, ಅಲ್ಲಿಂದ ಹೃದಯಕ್ಕೆ ದಾರಿಯಿಲ್ಲ. 2017ರಲ್ಲಿ ಹತ್ತು ಸಾವಿರ ಜನರ ಮೇಲೆ ನಡೆದ ಕ್ಯಾಂಟೋಸ್ ಪ್ರಯೋಗ, ಇಂಟರ್‌ಲ್ಯೂಕಿನ್-6ಕ್ಕೂ ಮೇಲಿರುವ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆದು, ಎಲ್‌ಡಿಎಲ್ ಅನ್ನು ಮುಟ್ಟದೆಯೇ, 150 ಮಿಲಿಗ್ರಾಂ ಪ್ರಮಾಣದಲ್ಲಿ ಹೃದಯ ಸಂಬಂಧಿ ಘಟನೆಗಳನ್ನು ಶೇ. 15ರಷ್ಟು ತಗ್ಗಿಸಿತು. ಆಗ ಈ ಚಿತ್ರಕ್ಕೆ ಇನ್ನೂ ಒಂದು ಆಧಾರ ಸಿಕ್ಕಿತು.

ಈಗ ನನ್ನ ಮುಖ್ಯ ಆತಂಕಕ್ಕೆ ಬರುತ್ತೇನೆ. ಇಡೀ ಜೀನೋಮನ್ನು ಜಾಲಾಡಿದರೆ ಸಿಆರ್‌ಪಿಯೊಂದಿಗೆ ನಂಟಿರುವ ಹತ್ತಾರು ತಾಣಗಳು ಸಿಗುತ್ತವೆ. ಅವುಗಳಲ್ಲಿ ಸಿಆರ್‌ಪಿ ವಂಶವಾಹಿಯೂ ಇದೆ, ಐಎಲ್6ಆರ್ ಇದೆ, ಕೊಲೆಸ್ಟ್ರಾಲಿಗೆ ಸಂಬಂಧಿಸಿದ ಎಪಿಒಇ ಇದೆ, ಹಸಿವು ಮತ್ತು ತೂಕಕ್ಕೆ ಸಂಬಂಧಿಸಿದ ಲೆಪ್ಟಿನ್ ಗ್ರಾಹಕವೂ ಇದೆ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಸರಾಸರಿ ತೆಗೆದರೆ ಸಿಗುವ ಅಂಕಿ ಯಾವ ಪ್ರಶ್ನೆಗೂ ಉತ್ತರವಲ್ಲ. ಪಕ್ಕದ ದಾರಿಗಳನ್ನು ಅಂಕಿಅಂಶಗಳಿಂದ ಸರಿದೂಗಿಸುವ ಎಮ್‌ಆರ್-ಎಗ್ಗರ್, ತೂಕದ ಮಧ್ಯಾಂಕದಂಥ ಉಪಾಯಗಳು 2015ರಿಂದೀಚೆಗೆ ಬಂದಿವೆ; ಉಪಯುಕ್ತವೇ. ಆದರೆ ಪ್ರತಿಯೊಂದೂ ತನ್ನದೇ ಹೊಸ ಊಹೆಯನ್ನು ಹೊತ್ತು ತರುತ್ತದೆ. ಸಾರ್ವಜನಿಕ ದತ್ತಾಂಶ, ಸಿದ್ಧ ತಂತ್ರಾಂಶ ಕೈಗೆ ಸಿಕ್ಕ ಮೇಲೆ ಯಾವುದೋ ಸೂಚಕವನ್ನು ಯಾವುದೋ ರೋಗಕ್ಕೆ ಜೋಡಿಸಿದ ಪ್ರಬಂಧಗಳು ಈಚಿನ ವರ್ಷಗಳಲ್ಲಿ ಪ್ರವಾಹದಂತೆ ಬರುತ್ತಿವೆ. ಹೀಗೇ ಬರೆಯಬೇಕೆಂಬ ವರದಿ ನಿಯಮಗಳು 2021ರಲ್ಲಿ ಪ್ರಕಟವಾದರೂ ಪ್ರವಾಹ ನಿಂತಿಲ್ಲ. ವಂಶವಾಹಿಯ ಹೆಸರನ್ನೂ ಕೆಲಸವನ್ನೂ ಒಮ್ಮೆಯೂ ಚರ್ಚಿಸದ ಪ್ರಬಂಧವನ್ನು ಕಾರಣದ ಪುರಾವೆಯೆಂದು ಒಪ್ಪಲು ನಾನು ಸಿದ್ಧನಿಲ್ಲ.

ದಿಕ್ಕನ್ನು ನಿರ್ಧರಿಸಲು ಎರಡೂ ಕಡೆಯಿಂದ ಕೇಳುವ ಕ್ರಮ ಒಳ್ಳೆಯದು. ಬೊಜ್ಜು ಸಿಆರ್‌ಪಿಯನ್ನು ಏರಿಸುತ್ತದೋ, ಸಿಆರ್‌ಪಿ ಬೊಜ್ಜನ್ನೋ? 2011ರಲ್ಲಿ ನಿಕ್ ಟಿಂಪ್ಸನ್ ಮತ್ತು ಸಂಗಡಿಗರು ಕೋಪನ್‌ಹೇಗನ್‌ನ ದತ್ತಾಂಶದಲ್ಲಿ ತೂಕದ ಭೇದದಿಂದ ಸಿಆರ್‌ಪಿಯನ್ನೂ, ಸಿಆರ್‌ಪಿಯ ಭೇದದಿಂದ ತೂಕವನ್ನೂ ನೋಡಿದರು. ಮೊದಲನೆಯ ದಿಕ್ಕು ನಿಂತಿತು, ಎರಡನೆಯದು ನಿಲ್ಲಲಿಲ್ಲ. ವಿಟಮಿನ್ ಡಿ ಬಗ್ಗೆ ವಿಮಲೇಶ್ವರನ್ ಮತ್ತು ಸಹೋದ್ಯೋಗಿಗಳು 2013ರಲ್ಲಿ 42 ಸಾವಿರ ಜನರಲ್ಲಿ ಇದನ್ನೇ ಮಾಡಿದರು: ದೇಹತೂಕದ ಸೂಚ್ಯಂಕ ಶೇ. 10 ಏರಿದರೆ ವಿಟಮಿನ್ ಡಿ ಸುಮಾರು ಶೇ. 4 ಇಳಿಯುತ್ತದೆ, ವಿಟಮಿನ್ ಡಿ ಕಡಿಮೆಯಾದರೆ ತೂಕ ಏರುವುದಿಲ್ಲ. ತೂಕ ಇಳಿಸಲೆಂದು ವಿಟಮಿನ್ ಡಿ ಮಾತ್ರೆ ನುಂಗುವವರು ತಿಳಿಯಬೇಕಾದ ವಿಷಯ.

ಹೋಮೋಸಿಸ್ಟೀನ್, ಮತ್ತು ಮೈಸೂರಿನ ತಾಯಂದಿರು

ಎಮ್‌ಟಿಎಚ್‌ಎಫ್‌ಆರ್ ವಂಶವಾಹಿಯ ಒಂದು ಪ್ರಸಿದ್ಧ ಭೇದ ಫೋಲೇಟ್ ಬಳಕೆಯನ್ನು ಕುಂಠಿತಗೊಳಿಸಿ ಹೋಮೋಸಿಸ್ಟೀನನ್ನು ಏರಿಸುತ್ತದೆ. ಅದು ಹೃದ್ರೋಗವನ್ನೂ ಹೆಚ್ಚಿಸುತ್ತದೆ ಎಂದು ಹಲವು ಪ್ರಬಂಧಗಳು ಹೇಳಿದ್ದವು. 2012ರಲ್ಲಿ ರಾಬರ್ಟ್ ಕ್ಲಾರ್ಕ್ ಮತ್ತು ಸಂಗಡಿಗರು ಅದುವರೆಗೆ ಪ್ರಕಟವಾಗದೆ ಉಳಿದಿದ್ದ ದತ್ತಾಂಶಗಳನ್ನು ಹುಡುಕಿ ತೆಗೆದು ಹೋಲಿಸಿದರು. ಪ್ರಕಟಿತ ಅಧ್ಯಯನಗಳ ಒಟ್ಟು ಅನುಪಾತ 1.15, ಅಪ್ರಕಟಿತ ದತ್ತಾಂಶಗಳದ್ದು 1.02, ಅಂದರೆ ಹೆಚ್ಚುಕಡಿಮೆ ಶೂನ್ಯ. ಕಾರಣವೆಂದು ಕಂಡದ್ದರಲ್ಲಿ ಬಹುಪಾಲು, ಶೂನ್ಯ ಫಲಿತಾಂಶಗಳನ್ನು ಕಪಾಟಿನಲ್ಲಿ ಇಟ್ಟುಬಿಡುವ ಅಭ್ಯಾಸದಿಂದ ಹುಟ್ಟಿದ್ದು. ಹೋಮೋಸಿಸ್ಟೀನ್ ಇಳಿಸುವ ಬಿ ವಿಟಮಿನ್‌ಗಳ ಪ್ರಯೋಗಗಳೂ ಹೃದಯಾಘಾತವನ್ನು ತಡೆದಿರಲಿಲ್ಲ.

ಅಲ್ಲಿಗೆ ಹೋಮೋಸಿಸ್ಟೀನ್ ನಿರಪರಾಧಿ ಎಂದು ಬಿಡಬಹುದೇ? ಯಾವ ಪರಿಣಾಮದ ವಿಷಯದಲ್ಲಿ ಎಂದು ಕೇಳಬೇಕು. ಪುಣೆಯ ಚಿತ್ತರಂಜನ್ ಯಾಜ್ಞಿಕ್, ಹೈದರಾಬಾದಿನ ಗಿರಿರಾಜ್ ಚಾಂಡಕ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಗರ್ಭಿಣಿಯರ ಹೋಮೋಸಿಸ್ಟೀನನ್ನೂ ಮಕ್ಕಳ ಜನನ ತೂಕವನ್ನೂ ಇದೇ ವಂಶವಾಹಿಯ ಮೂಲಕ ಪರಿಶೀಲಿಸಿದರು. ಒಂದು ಗುಂಪು ಪುಣೆ ಬಳಿಯ ಹಳ್ಳಿಗಳದ್ದು. ಇನ್ನೊಂದು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ತೊಂಬತ್ತರ ದಶಕದ ಕೊನೆಯಲ್ಲಿ ಶುರುವಾದ ಪಾರ್ಥೆನನ್ ಅಧ್ಯಯನದ ತಾಯಂದಿರದ್ದು. ತಾಯಿಯ ಹೋಮೋಸಿಸ್ಟೀನ್ ಹೆಚ್ಚಿದ್ದರೆ ಮಗುವಿನ ತೂಕ ಕಡಿಮೆಯಾಗುತ್ತದೆ ಎಂಬ ಕಾರಣಸಂಬಂಧಕ್ಕೆ ಅವರ ವಿಶ್ಲೇಷಣೆ ಬೆಂಬಲ ಕೊಟ್ಟಿತು. ಸಸ್ಯಾಹಾರದಿಂದ ಬಿ12 ಕೊರತೆ ವ್ಯಾಪಕವಾಗಿರುವ ನಾಡಿನಲ್ಲಿ ಇದು ಬರೀ ವಿಧಾನದ ಮಾತಲ್ಲ. ತಾಂತ್ರಿಕವಾಗಿ ಇಲ್ಲೊಂದು ಸೂಕ್ಷ್ಮವಿದೆ. ತಾಯಿಯ ವಂಶವಾಹಿಯಲ್ಲಿ ಅರ್ಧ ಮಗುವಿಗೂ ಬರುತ್ತದೆ. ತೂಕ ಕುಗ್ಗಿಸಿದ್ದು ತಾಯಿಯ ರಕ್ತವೋ ಮಗುವಿನದೇ ಭೇದವೋ ಎಂದು ತಿಳಿಯಲು ಇಬ್ಬರನ್ನೂ ಪರೀಕ್ಷಿಸಿರಬೇಕು. ತಾಯಿ, ತಂದೆ, ಮಗು ಮೂವರನ್ನೂ ವರ್ಷಗಳ ಕಾಲ ಹಿಂಬಾಲಿಸಿದ ಮೈಸೂರಿನಂಥ ಅಧ್ಯಯನಗಳ ಬೆಲೆ ಇದರಿಂದ ತಿಳಿಯುತ್ತದೆ. ಸಂಖ್ಯೆ ಚಿಕ್ಕದು, ರಚನೆ ಅಮೂಲ್ಯ.

ಕಾಲದ ಪ್ರಶ್ನೆ

ವಂಶವಾಹಿ ಕೊಡುವ ಉತ್ತರವನ್ನು ಔಷಧದ ಉತ್ತರವೆಂದು ಓದುವುದು ತಪ್ಪು. ಪಿಸಿಎಸ್‌ಕೆ9 ಇದಕ್ಕೆ ಒಳ್ಳೆಯ ಉದಾಹರಣೆ. 2006ರಲ್ಲಿ ಜೊನಾಥನ್ ಕೋಹೆನ್, ಹೆಲೆನ್ ಹಾಬ್ಸ್ ಮೊದಲಾದವರು, ಆ ವಂಶವಾಹಿಯ ಒಂದು ಪ್ರತಿ ಕೆಲಸ ಮಾಡದ ಕಪ್ಪು ಅಮೆರಿಕನ್ನರಲ್ಲಿ ಎಲ್‌ಡಿಎಲ್ ಶೇ. 28 ಕಡಿಮೆ, ಹೃದ್ರೋಗ ಶೇ. 88 ಕಡಿಮೆ ಎಂದು ವರದಿ ಮಾಡಿದರು. 2017ರ ಫೋರಿಯರ್ ಪ್ರಯೋಗದಲ್ಲಿ ಪಿಸಿಎಸ್‌ಕೆ9 ತಡೆಯುವ ಚುಚ್ಚುಮದ್ದು ಎಲ್‌ಡಿಎಲ್ ಅನ್ನು ಶೇ. 59ರಷ್ಟು ಇಳಿಸಿತು, ಹೃದಯದ ಘಟನೆಗಳು ಇಳಿದದ್ದು ಶೇ. 15. ಮೊದಲನೆಯ ಅಂಕಿ ಬಹಳ ಕಡಿಮೆ ಘಟನೆಗಳಿಂದ ಬಂದದ್ದು, ನಿಜ. ಆದರೂ ಅಂತರದ ಮೂಲ ಕಾರಣ ಕಾಲ. ಅವರು ಹುಟ್ಟಿದಾಗಿನಿಂದ ಕಡಿಮೆ ಎಲ್‌ಡಿಎಲ್‌ನೊಂದಿಗೆ ಬದುಕಿದವರು, ಇವರು ರೋಗ ಬಂದ ಮೇಲೆ ಎರಡು ವರ್ಷ ಚಿಕಿತ್ಸೆ ಪಡೆದವರು. ಕೆಲವೊಮ್ಮೆ ಉತ್ತರದ ದಿಕ್ಕೇ ಬೇರೆಯಾಗುತ್ತದೆ. ಇಂಟರ್‌ಲ್ಯೂಕಿನ್-1ರ ಎರಡೂ ರೂಪಗಳನ್ನು ಜೀವನವಿಡೀ ಕುಗ್ಗಿಸುವ ಭೇದಗಳು ಹೃದ್ರೋಗವನ್ನು ಹೆಚ್ಚಿಸುತ್ತವೆ ಎಂದು 2015ರ ವಿಶ್ಲೇಷಣೆ ಸೂಚಿಸಿತ್ತು. ಬೀಟಾ ರೂಪವೊಂದನ್ನೇ ತಡೆದ ಕ್ಯಾಂಟೋಸ್ ಲಾಭ ಕಂಡಿತು. ತಡೆದದ್ದು ಬೇರೆ, ಕಾಲವೂ ಬೇರೆ. ಎರಡನ್ನೂ ಎದುರುಬದುರು ನಿಲ್ಲಿಸಿ ಯಾವುದೋ ಒಂದು ಸುಳ್ಳೆನ್ನುವುದು ಸರಿಯಲ್ಲ.

ನಮ್ಮ ಜನ, ನಮ್ಮ ಮದುವೆಗಳು

ಇಲ್ಲಿಯವರೆಗಿನ ಸಾಕ್ಷ್ಯದಲ್ಲಿ ಬಹುಪಾಲು ಯೂರೋಪ್ ಮೂಲದವರದ್ದು. ಅದನ್ನು ಹಾಗೆಯೇ ಇಲ್ಲಿಗೆ ತರಲಾಗದು ಎಂಬುದಕ್ಕೆ ಎರಡು ಕಾರಣಗಳಿವೆ, ಎರಡನೆಯದು ಹೆಚ್ಚು ಗಂಭೀರ.

ಮೊದಲನೆಯದು ಭೇದಗಳ ಹಂಚಿಕೆ. 1963ರಲ್ಲಿ ನಾರ್ವೆಯ ಕೋರೆ ಬೆರ್ಗ್ ಪತ್ತೆಹಚ್ಚಿದ ಲಿಪೊಪ್ರೋಟೀನ್-ಎ, ಊಟ ತಿಂಡಿಗಳಿಂದ ಹೆಚ್ಚು ಬದಲಾಗದ, ಬಹುತೇಕ ಒಂದೇ ವಂಶವಾಹಿ ನಿರ್ಧರಿಸುವ ಸೂಚಕ. ಆ ವಂಶವಾಹಿಯೊಳಗೆ ಒಂದು ತುಣುಕು ಹಲವು ಬಾರಿ ಮರುಕಳಿಸುತ್ತದೆ. ಮರುಕಳಿಕೆ ಕಡಿಮೆಯಿದ್ದಷ್ಟೂ ರಕ್ತದಲ್ಲಿ ಕಣ ಹೆಚ್ಚು. 2009ರಲ್ಲಿ ಕೋಪನ್‌ಹೇಗನ್ ಮತ್ತು ಆಕ್ಸ್‌ಫರ್ಡ್ ತಂಡಗಳು ಅದು ಹೃದಯಾಘಾತಕ್ಕೆ ಕಾರಣವೆಂದು ತೋರಿಸಿದವು. 2019ರಲ್ಲಿ ಏಳು ಜನಾಂಗೀಯ ಗುಂಪುಗಳನ್ನು ಹೋಲಿಸಿದ ಇಂಟರ್‌ಹಾರ್ಟ್ ವಿಶ್ಲೇಷಣೆಯಲ್ಲಿ, ಒಟ್ಟು ಹೃದಯಾಘಾತಗಳಲ್ಲಿ ಲಿಪೊಪ್ರೋಟೀನ್-ಎ ಪಾಲು ಅತಿ ಹೆಚ್ಚಿದ್ದದ್ದು ದಕ್ಷಿಣ ಏಷ್ಯಾದವರಲ್ಲಿ. ಆದರೆ ಯೂರೋಪಿನವರಲ್ಲಿ ಅದರ ಅಳತೆಗೆ ಬದಲಿಯಾಗಿ ಬಳಸುವ ಒಂದು ಪ್ರಮುಖ ಭೇದ ನಮ್ಮಲ್ಲಿ ವಿರಳ. ಅಲ್ಲಿನ ಗುರುತನ್ನೇ ಇಲ್ಲಿ ಬಳಸಿದರೆ ಅಪಾಯದಲ್ಲಿರುವ ಅನೇಕರು ಲೆಕ್ಕದಿಂದ ಜಾರಿಹೋಗುತ್ತಾರೆ.

ಎರಡನೆಯದು ಮದುವೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಭಾರತದ ಗುಂಪುಗಳ ಬೆರಕೆ ನಿಂತು ಒಳಪಂಗಡದೊಳಗಿನ ಮದುವೆ ಗಟ್ಟಿಯಾಯಿತೆಂದು ಹೈದರಾಬಾದ್ ಮತ್ತು ಹಾರ್ವರ್ಡ್ ತಂಡಗಳ 2013ರ ಅಧ್ಯಯನ ಅಂದಾಜಿಸಿತು. ಒಂದೊಂದು ಜಾತಿಗೂ ಉಪಜಾತಿಗೂ ಭೇದಗಳ ಪ್ರಮಾಣ ಬೇರೆ. ಊಟ, ಉದ್ಯೋಗ, ಜಮೀನು, ಓದು, ಆಸ್ಪತ್ರೆಯ ದಾರಿ ಎಲ್ಲವೂ ಬೇರೆ. ಸಾವಿರ ಜನರನ್ನು ಒಟ್ಟುಗೂಡಿಸಿದರೆ ವಂಶವಾಹಿ ಭೇದವೂ ಸಾಮಾಜಿಕ ಸ್ಥಿತಿಯೂ ಕೈಕೈ ಹಿಡಿದು ಬರುತ್ತವೆ, ಎರಡನೆಯ ಷರತ್ತು ಮುರಿದುಬೀಳುತ್ತದೆ. ಜಾತಿಯ ಪರಿಣಾಮವನ್ನು ಜೀನಿನ ಪರಿಣಾಮವೆಂದು ಓದಿಬಿಡುವ ಅಪಾಯ ಇಲ್ಲಿರುವಷ್ಟು ಡೆನ್ಮಾರ್ಕಿನಲ್ಲಿಲ್ಲ. ವಂಶಮೂಲದ ಅಕ್ಷಗಳನ್ನು ಸಮೀಕರಣಕ್ಕೆ ಸೇರಿಸಿ ಸರಿಪಡಿಸುವ ರೂಢಿಯ ಉಪಾಯ ಇಷ್ಟು ಸೂಕ್ಷ್ಮ ವಿಭಜನೆಗೆ ಸಾಲದು ಎಂದು ನನಗೆ ಅನಿಸುತ್ತದೆ.

ಗಟ್ಟಿಯಾದ ಪರಿಹಾರ ಒಡಹುಟ್ಟಿದವರ ಹೋಲಿಕೆ. ನಾರ್ವೆಯ ಹಂಟ್ ಅಧ್ಯಯನ ಮತ್ತು ಯುಕೆ ಬಯೋಬ್ಯಾಂಕ್ ಬಳಸಿ 2020ರಲ್ಲಿ ಬೆನ್ ಬ್ರಂಪ್ಟನ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದ್ದಾರೆ: ಎತ್ತರ ಮತ್ತು ತೂಕ ಓದಿನ ಮೇಲೆ ಬೀರುತ್ತವೆಂದು ತೋರುತ್ತಿದ್ದ ಪರಿಣಾಮ, ಒಂದೇ ಮನೆಯ ಮಕ್ಕಳೊಳಗೆ ಹೋಲಿಸಿದಾಗ ಬಹುಮಟ್ಟಿಗೆ ಮಾಯವಾಯಿತು. ಅಣ್ಣತಮ್ಮ, ಅಕ್ಕತಂಗಿಯರಿಗೆ ಜಾತಿ ಒಂದೇ, ಮನೆ ಒಂದೇ. ವಂಶವಾಹಿಯ ಹಂಚಿಕೆ ಮಾತ್ರ ಬೇರೆ. ಕರ್ನಾಟಕದಲ್ಲಿ ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇದಕ್ಕೆ ತೊಡಕಾಗುತ್ತದೆಯೇ ಎಂದು ಕೇಳಬಹುದು. ಸಿಂಧುತ್ವಕ್ಕೆ ತೊಡಕಿಲ್ಲ. ಎರಡು ಬೇರೆ ಭೇದಗಳಿರುವ ತಂದೆಯೋ ತಾಯಿಯೋ ಅವುಗಳಲ್ಲಿ ಯಾವುದನ್ನು ಮಗುವಿಗೆ ದಾಟಿಸುತ್ತಾರೆಂಬುದು, ಮದುವೆ ಯಾರ ನಡುವೆ ಆಗಿದ್ದರೂ, ಸಮಪಾಲಿನ ಅದೃಷ್ಟವೇ. ಆದರೆ ತಲೆಮಾರುಗಳಿಂದ ರಕ್ತಸಂಬಂಧದಲ್ಲಿ ಮದುವೆ ನಡೆದ ಮನೆಗಳಲ್ಲಿ ತಂದೆತಾಯಿಯಲ್ಲೇ ಎರಡೂ ಪ್ರತಿಗಳು ಒಂದೇ ಆಗಿರುವ ತಾಣಗಳು ಹೆಚ್ಚು. ಅಂಥ ತಾಣಗಳಿಂದ ಮಾಹಿತಿ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬೇಕಾಗುವ ಕುಟುಂಬಗಳ ಸಂಖ್ಯೆ ನಾರ್ವೆಗಿಂತ ಹೆಚ್ಚು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಂಯೋಜನೆಯಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ, 83 ಜನಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಪೂರ್ಣ ಜೀನೋಮನ್ನು ಓದಿದೆ. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ದೀರ್ಘಕಾಲ ಹಿಂಬಾಲಿಸುವ ಗುರಿಯಿಟ್ಟುಕೊಂಡು ರಕ್ತ, ಜೀನೋಮ್, ಮಿದುಳಿನ ಚಿತ್ರಗಳನ್ನು ಕೂಡಿಡುತ್ತಿದೆ. ಮೊದಲನೆಯದು ಭೇದಗಳ ಪಟ್ಟಿ ಕೊಡುತ್ತದೆ, ಎರಡನೆಯದು ಸೂಚಕಗಳನ್ನೂ ರೋಗವನ್ನೂ. ಇವುಗಳ ಜೊತೆಗೆ ಅದೇ ಊರುಗಳ ಒಡಹುಟ್ಟಿದವರನ್ನು, ಸಾಧ್ಯವಾದರೆ ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕತಂಗಿಯರನ್ನೂ, ಸೇರಿಸಿಕೊಳ್ಳಬೇಕೆಂಬುದು ಈ ಟಿಪ್ಪಣಿಯ ಸಲಹೆ. ಮೊದಲು ಕೈಗೆತ್ತಿಕೊಳ್ಳಬೇಕಾದ ಸೂಚಕ ಲಿಪೊಪ್ರೋಟೀನ್-ಎ. ಅದರ ವಂಶವಾಹಿ ಯಾವುದು, ಏನು ಮಾಡುತ್ತದೆ ಎಂಬುದು ಗೊತ್ತಿದೆ. ಬದಲಿ ಗುರುತುಗಳನ್ನು ನಂಬದೆ ಮರುಕಳಿಕೆಗಳನ್ನೇ ನೇರವಾಗಿ ಎಣಿಸಬಹುದು. ಒಡಹುಟ್ಟಿದವರ ನಡುವೆಯೂ ಮಟ್ಟ ಹಲವು ಪಟ್ಟು ಬೇರೆಯಾಗಿರುವುದರಿಂದ ಚಿಕ್ಕ ಸಂಖ್ಯೆಯಲ್ಲೂ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಸಿಆರ್‌ಪಿ, ವಿಟಮಿನ್ ಡಿಗಳ ಸರದಿ ಆಮೇಲೆ.